ಹರಾಜಿನಲ್ಲಿ ನನ್ನ ಸವಾಲೇ ಎಲ್ಲಕ್ಕಿಂತ ಮೇಲಿತ್ತು, ಆದರೂ ನಾಣ್ಯ ನನಗೆ ಬರಲಿಲ್ಲ. ಯಾಕೆ?

ಆನೆಗೊಂದಿ ದಾರಿ, ಗಂಗಾವತಿ

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ನಾಣ್ಯದ ಹುಚ್ಚು ಹಿಡಿದು ಮೂರು ವರ್ಷ ಆಯಿತು. ಇಲ್ಲಿವರೆಗೆ ಕೂಡಿಸಿದ್ದೆಲ್ಲ ತಾಮ್ರ, ಸ್ವಲ್ಪ ಬೆಳ್ಳಿ. ಚಿನ್ನದ್ದು ಒಂದಾದರೂ ಬೇಕು, ಅದೂ ನಮ್ಮ ಆನೆಗೊಂದಿ, ಹಂಪಿಯ ಅರಸರದ್ದೇ ಆಗಬೇಕು ಅಂತ ಆಸೆ. "ಹೊಲ ಉಳುವಾಗ ಸಿಕ್ಕಿತು" ಅಂತ ಕಾಗದದಲ್ಲಿ ಸುತ್ತಿ ತಂದು ತೋರಿಸುವವರು ಈ ಕಡೆ ಇದ್ದಾರೆ. ನಾನು ಕೈಯಲ್ಲಿ ಮುಟ್ಟಲೂ ಇಲ್ಲ. ನೆಲದಲ್ಲಿ ಸಿಕ್ಕಿದ್ದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ ಕಾಯ್ದೆ ಇದೆ. ನನಗೆ ಬಿಲ್ ಇರುವ ನಾಣ್ಯ ಬೇಕು. ಅದಕ್ಕೇ ಹರಾಜಿನ ದಾರಿ ಹಿಡಿದೆ.

ಕ್ಯಾಟಲಾಗಿನಲ್ಲಿ ವಿಜಯನಗರದ ಅರಸ ಎರಡನೇ ಹರಿಹರನ ಅರ್ಧ ವರಹ, ಅಂದರೆ ಚಿನ್ನದ ಸಣ್ಣ ನಾಣ್ಯ, ಇತ್ತು. ಒಂದು ಕಡೆ ಉಮಾ ಮಹೇಶ್ವರ ಕೂತಿದ್ದಾರೆ. ಇನ್ನೊಂದು ಕಡೆ ನಾಗರಿಯಲ್ಲಿ ಶ್ರೀ ಪ್ರತಾಪ ಹರಿಹರ. ತೂಕ 1.69 ಗ್ರಾಂ. ಆತ ಆಳಿದ್ದು 1377ರಿಂದ 1404ರವರೆಗೆ, ಅಂದರೆ ಆರುನೂರು ವರ್ಷಕ್ಕೂ ಹಳೆಯದು. ಫೋಟೋ ನೋಡಿ ಎರಡು ರಾತ್ರಿ ನಿದ್ದೆ ಬರಲಿಲ್ಲ.

ಅಂದಾಜು ಬೆಲೆ 30,000ದಿಂದ 35,000 ಅಂತ ಬರೆದಿದ್ದರು. ಆದರೆ ಸವಾಲು ಶುರುವಾಗುವುದು 22,000ಕ್ಕೆ. ನಾನು ತಿಂಗಳಿಗೆ 1,500ರಂತೆ ಹದಿನೆಂಟು ತಿಂಗಳು ಎತ್ತಿಟ್ಟ 27,000 ನನ್ನ ಹತ್ತಿರ ಇತ್ತು. ಅಷ್ಟನ್ನೇ ಗರಿಷ್ಠ ಸವಾಲು ಅಂತ ಮೊದಲೇ ಆನ್‌ಲೈನ್‌ನಲ್ಲಿ ಹಾಕಿಟ್ಟೆ.

ಹರಾಜಿನ ದಿನ ಮಿಲ್ಲಿನಲ್ಲೇ ಮೊಬೈಲ್ ಹಿಡಿದು ಕೂತಿದ್ದೆ. 22, 23, 24 ಅಂತ ಏರುತ್ತಾ ಹೋಯಿತು. ಕೊನೆಗೆ 27,000ಕ್ಕೆ ನಿಂತಿತು. ಆ 27,000 ನನ್ನದೇ! ಮೈಯೆಲ್ಲ ಬೆವೆತು ಹೋಗಿತ್ತು. ಅಷ್ಟರಲ್ಲಿ ಪರದೆ ಮೇಲೆ "ಮಾರಾಟವಾಗಿಲ್ಲ" ಅಂತ ಬಂತು, ಮುಂದಿನ ಲಾಟ್, ಅಂದರೆ ಹರಾಜಿನ ಮುಂದಿನ ವಸ್ತು, ಶುರುವಾಯಿತು.

ಫೋನ್ ಮಾಡಿ ಕೇಳಿದರೆ "ರಿಸರ್ವ್ ಮುಟ್ಟಲಿಲ್ಲ ಸರ್" ಅಂದರು. ರಿಸರ್ವ್ ಎಷ್ಟು ಅಂದರೆ ಹೇಳುವ ಹಾಗಿಲ್ಲವಂತೆ. ನಮ್ಮಣ್ಣ ಬ್ಯಾಂಕಿನ ಹರಾಜಿನಲ್ಲಿ ಟ್ರ್ಯಾಕ್ಟರ್ ತೆಗೆದುಕೊಂಡಾಗ ರಿಸರ್ವ್ ಬೆಲೆಯನ್ನು ಪೇಪರಿನಲ್ಲೇ ಹಾಕಿದ್ದರು. ಸವಾಲು ಅಲ್ಲಿಂದಲೇ ಶುರು. ಇಲ್ಲಿ ಯಾಕೆ ಮುಚ್ಚಿಡುತ್ತಾರೆ? ಮಾರುವ ಮನಸ್ಸಿಲ್ಲದ ಬೆಲೆಗೆ ಸವಾಲು ಯಾಕೆ ಶುರು ಮಾಡುತ್ತಾರೆ? ಮತ್ತೆ, ಯಾರೂ ಕೊಳ್ಳಲಿಲ್ಲ ಅಂದರೆ ನನ್ನ ಎದುರು 26,000 ಅಂತ ಕೂಗಿದ್ದು ಯಾರು?

ಇನ್ನೊಂದು ಮಾತು. ನಿನ್ನೆ ಅವರೇ ಫೋನ್ ಮಾಡಿ "30,000ಕ್ಕೆ ತೆಗೆದುಕೊಳ್ಳುತ್ತೀರಾ?" ಅಂತ ಕೇಳಿದರು. ಏನು ಹೇಳಲಿ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಸಿಂಧನೂರು ಭತ್ತ

ಅಣ್ಣ, 26,000 ಕೂಗಿದ್ದು ಅವರೇ. ನನಗೂ ಹೀಗೇ ಆಗಿದೆ. ಹಳೇ ಅಂಚೆ ಚೀಟಿಗಳ ಒಂದು ಆಲ್ಬಮ್‌ಗೆ ಸವಾಲು ಹಾಕಿದ್ದೆ. ಎದುರು ಯಾರೋ ಇದ್ದಾರೆ ಅಂತ ಏರಿಸುತ್ತಾ ಹೋದೆ. ಆಮೇಲೆ ನೋಡಿದರೆ ಯಾರೂ ಇರಲಿಲ್ಲ. ಅವತ್ತಿನಿಂದ ಹರಾಜು ಬಿಟ್ಟೆ. ಬೆಲೆ ಚೀಟಿ ಅಂಟಿಸಿದ ಅಂಗಡಿಯಲ್ಲಿ ಕೊಳ್ಳಿ. ಜಾಸ್ತಿ ಆದರೂ ಕಣ್ಣಿಗೆ ಕಾಣುವ ಬೆಲೆ. ಆ 30,000ಕ್ಕೆ ಒಪ್ಪಬೇಡಿ.

ಹತ್ತಿ ಗಿರಣಿ, ರಾಯಚೂರು

ಗಂಗಾವತಿ ತಮ್ಮಾ, ನಿಮ್ಮ ಬರಹ ಓದಿ ನನ್ನ ಮೊದಲ ಸವಾಲು ನೆನಪಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಾನು ಇಪ್ಪತ್ತೆಂಟು ವರ್ಷ ರಾಯಚೂರಿನ ಒಂದು ಹತ್ತಿ ಗಿರಣಿಯಲ್ಲಿ ಗುಮಾಸ್ತನಾಗಿದ್ದೆ. ದಿನಾ ಎಪಿಎಂಸಿಗೆ ಹೋಗುವುದು, ಹತ್ತಿ ನೋಡುವುದು, ಟೆಂಡರ್ ಹಾಕುವುದು. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ರೈತ ಹತ್ತಿ ತಂದು ಅಂಗಳದಲ್ಲಿ ಇಡುತ್ತಾನೆ. ವರ್ತಕರು ಬೆಲೆ ಹಾಕುತ್ತಾರೆ. ಎಲ್ಲಕ್ಕಿಂತ ಮೇಲಿನ ಬೆಲೆ ಗೊತ್ತಾದ ಮೇಲೂ ಮಾತು ಮುಗಿಯುವುದಿಲ್ಲ. ಆ ಧಾರಣೆ ಒಪ್ಪಿಗೆಯಾಗದಿದ್ದರೆ "ಕೊಡುವುದಿಲ್ಲ" ಅನ್ನುವ ಹಕ್ಕು ರೈತನಿಗೆ ಇದೆ. ಅವನ ಮನಸ್ಸಿನಲ್ಲಿ ಒಂದು ಅಂಕಿ ಇರುತ್ತದೆ. ಇದಕ್ಕಿಂತ ಕೆಳಗೆ ಹೋದರೆ ಚೀಲ ವಾಪಸ್ ಗಾಡಿಗೆ ಹೇರುತ್ತೇನೆ ಅನ್ನುವ ಅಂಕಿ. ಅದನ್ನು ಅವನು ಯಾರಿಗಾದರೂ ಹೇಳುತ್ತಾನಾ? ಹೇಳಿದರೆ ಎಲ್ಲರೂ ಅಲ್ಲಿಗೇ ಬಂದು ನಿಲ್ಲುತ್ತಾರೆ. ಒಂದು ರೂಪಾಯಿ ಮೇಲೆ ಬರುವುದಿಲ್ಲ.

ನಾಣ್ಯದ ರಿಸರ್ವ್ ಅಂದರೆ ಆ ಅಂಕಿಯೇ. ವ್ಯತ್ಯಾಸ ಇಷ್ಟೇ. ರೈತ ಕೊನೆಗೆ ಹೇಳುತ್ತಾನೆ, ಇಲ್ಲಿ ಮಾರುವವನು ಮೊದಲೇ ಹರಾಜು ಸಂಸ್ಥೆಗೆ ಬರೆದುಕೊಟ್ಟಿರುತ್ತಾನೆ. ದನದ ಸಂತೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುವುದನ್ನು ನೀವೂ ನೋಡಿರಬೇಕು. ಸುತ್ತ ಹತ್ತು ಜನ ನಿಂತರೂ ಅಂಕಿ ಇಬ್ಬರಿಗೇ ಗೊತ್ತು. ಅದು ಮೋಸ ಅಂತ ನಮ್ಮಲ್ಲಿ ಯಾರೂ ಅಂದುಕೊಳ್ಳುವುದಿಲ್ಲ.

ಮುಚ್ಚಿಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಅದನ್ನು ನಾನು ಮಾರುಕಟ್ಟೆಯಲ್ಲಿ ಕಣ್ಣಾರೆ ಕಂಡಿದ್ದೇನೆ. ಕೊಳ್ಳುವವರು ಒಳಗೊಳಗೇ ಮಾತಾಡಿಕೊಳ್ಳುತ್ತಾರೆ. "ಇವತ್ತು ನೀನು ಏರಿಸಬೇಡ, ನಾಳೆ ನಾನು ಏರಿಸುವುದಿಲ್ಲ." ನಾಣ್ಯದ ವ್ಯಾಪಾರದಲ್ಲೂ ಇದು ಇದೆ. ರಿಸರ್ವ್ ಇಲ್ಲದಿದ್ದರೆ ಎರಡು ಲಕ್ಷದ ವಸ್ತು ನಲವತ್ತು ಸಾವಿರಕ್ಕೆ ಹೋಗಿಬಿಡಬಹುದು. ಮಾರುವವರು ಹೆಚ್ಚಿನವರು ನಮ್ಮಂಥವರೇ. ಅಪ್ಪ ಬಿಟ್ಟುಹೋದ ಡಬ್ಬಿಯನ್ನು ಕಷ್ಟಕ್ಕೆ ತಂದವರು.

ಈಗ ನಿಮ್ಮ 22,000ದ ವಿಷಯ. ಆರಂಭದ ಬೆಲೆ ಬೇರೆ, ರಿಸರ್ವ್ ಬೇರೆ. ಬ್ಯಾಂಕಿನ ಹರಾಜಿನಲ್ಲಿ ಎರಡೂ ಒಂದೇ, ಅದಕ್ಕೇ ನಿಮಗೆ ಗೊಂದಲ ಆಗಿದೆ. ಕೆಲವು ನಾಣ್ಯದ ಹರಾಜುಗಳಲ್ಲೂ ಎರಡೂ ಒಂದೇ ಇರುತ್ತವೆ. ಕೆಲವು ಕಡೆ ಕೆಳಗಿನಿಂದ ಶುರು ಮಾಡುತ್ತಾರೆ, ನಾಲ್ಕು ಜನ ಕೈ ಎತ್ತಲಿ ಅಂತ. ಯಾವುದು ಹೇಗೆ ಅಂತ ಕ್ಯಾಟಲಾಗಿನ ಹಿಂದಿನ ಸಣ್ಣ ಅಕ್ಷರದ ನಿಯಮಗಳಲ್ಲಿ ಬರೆದಿರುತ್ತಾರೆ. ನಾಣ್ಯದ ಫೋಟೋಗೆ ಮೊದಲು ಅದನ್ನು ಓದಿ.

ರಿಸರ್ವ್ ಎಲ್ಲಿರಬಹುದು ಅಂತ ಅಂದಾಜು ಮಾಡಬಹುದು. ಕ್ರಿಸ್ಟೀಸ್, ಸೋಥ್‌ಬೀಸ್‌ನಂಥ ದೊಡ್ಡ ಹರಾಜು ಸಂಸ್ಥೆಗಳಲ್ಲಿ ರಿಸರ್ವ್ ಯಾವತ್ತೂ ಅಂದಾಜಿನ ಕೆಳಗಿನ ಅಂಕಿಯನ್ನು ದಾಟುವ ಹಾಗಿಲ್ಲ. ನಿಮ್ಮ ಲಾಟಿನಲ್ಲಿ ಆ ಅಂಕಿ 30,000. ಸವಾಲು 27,000ಕ್ಕೆ ನಿಂತು ಮಾರಾಟವಾಗಲಿಲ್ಲ, ಆಮೇಲೆ ಅವರೇ 30,000 ಕೇಳಿದರು. ಅಂದರೆ ರಿಸರ್ವ್ 28ರಿಂದ 30ರ ನಡುವೆ ಎಲ್ಲೋ ಇದ್ದಿರಬೇಕು. ಇನ್ನು ಮುಂದೆ ಯಾವುದೇ ಲಾಟ್ ನೋಡಿದರೂ ಅಂದಾಜಿನ ಕೆಳಗಿನ ಅಂಕಿಯನ್ನೇ ಮೊದಲು ನೋಡಿ. ಆರಂಭದ ಬೆಲೆ ನೋಡಿ ಮನಸ್ಸು ಕಟ್ಟಬೇಡಿ.

ಎದುರು ಕೂಗಿದ್ದು ಯಾರು ಅನ್ನುವುದಕ್ಕೆ ಸಿಂಧನೂರಿನವರು ಹೇಳಿದ್ದು ಅರ್ಧ ಸರಿ. ನಿಯಮದಲ್ಲಿ ಮೊದಲೇ ಹೇಳಿದ್ದರೆ, ಹರಾಜು ನಡೆಸುವವನು ಮಾರುವವನ ಪರವಾಗಿ ರಿಸರ್ವ್‌ಗಿಂತ ಒಂದು ಮೆಟ್ಟಿಲು ಕೆಳಗಿನವರೆಗೆ ಸವಾಲು ಹಾಕಬಹುದು. ರಿಸರ್ವ್ ಮುಟ್ಟಿದ ಮೇಲೆ ಹಾಕುವ ಹಾಗಿಲ್ಲ. ನಿಮ್ಮ ಲಾಟಿನಲ್ಲಿ 22 ಅವರದು, 23 ನಿಮ್ಮದು, 24 ಅವರದು, 25 ನಿಮ್ಮದು, 26 ಅವರದು, 27 ನಿಮ್ಮದು. ಹೀಗೆ ನಡೆದಿರಬಹುದು. ಇಲ್ಲವೇ ನಿಜವಾಗಿಯೂ ಇನ್ನೊಬ್ಬರು ಇದ್ದಿರಬಹುದು. ಪರದೆ ನೋಡಿ ಇದನ್ನು ತಿಳಿಯಲು ಆಗುವುದಿಲ್ಲ. ಆದರೆ ಒಂದು ಸಮಾಧಾನ ಇದೆ. ರಿಸರ್ವ್‌ನ ಕೆಳಗೆ ಯಾರು ಎಷ್ಟೇ ಏರಿಸಲಿ, ನೀವು ಒಂದು ಪೈಸೆಯನ್ನೂ ಹೆಚ್ಚು ಕೊಟ್ಟಂತೆ ಆಗುವುದಿಲ್ಲ. ಆ ಬೆಲೆಗೆ ಅದು ಹೇಗೂ ನಿಮಗೆ ಸಿಗುತ್ತಿರಲಿಲ್ಲ.

ಮುಖ್ಯವಾದ ಮಾತು ಈಗ ಹೇಳುತ್ತೇನೆ. ನಿಮ್ಮ ಹತ್ತಿರ ಇದ್ದದ್ದೇ 27,000, ಸವಾಲು ಹಾಕಿದ್ದೂ 27,000. ತಮ್ಮಾ, ಗೆದ್ದಿದ್ದರೆ ಏನು ಮಾಡುತ್ತಿದ್ದಿರಿ? ಅದರ ಮೇಲೆ ಕೊಳ್ಳುವವರ ಕಮಿಷನ್ ಇರುತ್ತದೆ, ಜಿಎಸ್‌ಟಿ ಇರುತ್ತದೆ, ಕೊರಿಯರ್ ಇರುತ್ತದೆ. ಕಮಿಷನ್ 15% ಅಂತಲೇ ಇಟ್ಟುಕೊಳ್ಳಿ. 27,000ಕ್ಕೆ 4,050 ಆಯಿತು. ಒಟ್ಟು 31,050, ತೆರಿಗೆ ಬೇರೆ. ಕೈಯಲ್ಲಿ 27,000 ಇದ್ದವರು ಸವಾಲನ್ನು 23,000ಕ್ಕಿಂತ ಕೆಳಗೇ ನಿಲ್ಲಿಸಬೇಕು. ಗೆದ್ದು ದುಡ್ಡು ಕಟ್ಟದಿದ್ದರೆ ಮುಂದಿನ ಹರಾಜಿಗೆ ಸೇರಿಸಿಕೊಳ್ಳದೆಯೂ ಇರಬಹುದು. ಈಗ ಅವರು ಕೇಳಿದ 30,000ವೂ ಅಷ್ಟೇ. ಕಮಿಷನ್ ಸೇರಿಸಿಯೋ, ಬಿಟ್ಟೋ? ಮೊದಲು ಅದನ್ನು ಕೇಳಿ. ಬಿಟ್ಟು ಅಂದರೆ ಅದು 34,500ರ ಮಾತು.

ಕೋಟೆ ಕೆಳಗೆ, ಬಳ್ಳಾರಿ

ಗಿರಣಿ ಸರ್ ಬರೆದದ್ದಕ್ಕೆ ಕಾನೂನಿನ ಮಾತು ಸೇರಿಸುತ್ತೇನೆ. ನಾನು ಇಲ್ಲಿ ಕೋರ್ಟಿನಲ್ಲಿ ಜೂನಿಯರ್ ಲಾಯರ್.

1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಂ ಪೂರ್ತಿ ಹರಾಜಿನ ಬಗ್ಗೆಯೇ ಇದೆ. ರಿಸರ್ವ್ ಇಟ್ಟು ಮಾರಬಹುದು ಅಂತ ಅದರಲ್ಲೇ ಹೇಳಿದೆ. ಅಂಕಿ ಎಷ್ಟು ಅಂತ ಬಹಿರಂಗ ಮಾಡಲೇಬೇಕು ಅಂತ ಅಲ್ಲಿ ಹೇಳಿಲ್ಲ. ಮಾರುವವನು ತನ್ನ ಪರವಾಗಿ ಸವಾಲು ಹಾಕುವ ಹಕ್ಕನ್ನೂ ಇಟ್ಟುಕೊಳ್ಳಬಹುದು, ಆದರೆ ಅದನ್ನು ಮೊದಲೇ ಸ್ಪಷ್ಟವಾಗಿ ಹೇಳಿರಬೇಕು. ಹೇಳದೆ ತಾನೇ ಸವಾಲು ಹಾಕಿದರೆ, ಅಥವಾ ತನ್ನ ಪರವಾಗಿ ಬೇರೆಯವರಿಂದ ಹಾಕಿಸಿದರೆ, ಆ ಮಾರಾಟವನ್ನು ಮೋಸ ಅಂತ ಪರಿಗಣಿಸಲು ಕೊಂಡವನಿಗೆ ಹಕ್ಕಿದೆ. ಬೆಲೆ ಏರಿಸಲೆಂದೇ ಸುಳ್ಳು ಸವಾಲು ಹಾಕಿದ್ದರೂ ಕೊಂಡವನು ಮಾರಾಟ ರದ್ದು ಮಾಡಬಹುದು.

ಹಾಗಾಗಿ ಸಿಂಧನೂರಿನವರ ಸಿಟ್ಟು ಸುಮ್ನೆ ಅಲ್ಲ. ಅವರ ಹರಾಜಿನ ನಿಯಮದಲ್ಲಿ ಆ ಮಾತು ಇತ್ತಾ ಇಲ್ವಾ, ಅದೇ ಪ್ರಶ್ನೆ. ಹರಾಜಿಗೆ ಮೊದಲೇ ನಿಯಮದ ಪುಟವನ್ನು ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಿ. ನನ್ನ ಹತ್ತಿರ ಬರುವವರು ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ತರುತ್ತಾರೆ.

ಇನ್ನೊಂದು ವಿಷಯ. ಸುತ್ತಿಗೆ ಬೀಳುವವರೆಗೆ, ಅಂದರೆ ಮಾರಾಟವಾಯಿತು ಅಂತ ಸಾರುವವರೆಗೆ, ಯಾವ ಸವಾಲನ್ನಾದರೂ ಹಿಂದಕ್ಕೆ ಪಡೆಯಬಹುದು ಅಂತಲೂ ಅದೇ ಕಲಂ ಹೇಳುತ್ತದೆ. ಆನ್‌ಲೈನ್ ಹರಾಜಿನವರು ತಮ್ಮ ನಿಯಮದಲ್ಲಿ ಇದಕ್ಕೆ ಬೇರೆ ಷರತ್ತು ಹಾಕಿರಬಹುದು, ಅದನ್ನೂ ನೋಡಿಕೊಳ್ಳಿ. ಮತ್ತೆ ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಗೆ ಬರುತ್ತದೆ. ಖಾಸಗಿಯವರು ದೇಶದ ಹೊರಗೆ ಸಾಗಿಸುವ ಹಾಗಿಲ್ಲ. ದುಬೈನಲ್ಲಿರುವ ತಮ್ಮನಿಗೆ ಉಡುಗೊರೆ ಕೊಡುತ್ತೇನೆ ಅಂತ ಯಾರಾದರೂ ಯೋಚಿಸಿದ್ದರೆ, ಬೇಡ.

ಆನೆಗೊಂದಿ ದಾರಿ, ಗಂಗಾವತಿ

ಇಬ್ಬರಿಗೂ ಕೈ ಮುಗಿಯುತ್ತೇನೆ. ಕಮಿಷನ್ ವಿಷಯ ನನಗೆ ಹೊಳೆದೇ ಇರಲಿಲ್ಲ. ನಿಯಮದ ಪುಟ ತೆಗೆದು ನೋಡಿದೆ. 15%, ಅದರ ಮೇಲೆ ಜಿಎಸ್‌ಟಿ. ಸಂಸ್ಥೆ ಮಾರುವವರ ಪರವಾಗಿ ರಿಸರ್ವ್‌ವರೆಗೆ ಸವಾಲು ಹಾಕಬಹುದು ಅನ್ನುವ ಸಾಲೂ ಇದೆ. ಅಂದರೆ ಅವರು ತಪ್ಪು ಮಾಡಿಲ್ಲ. ನಾನು ಓದಿರಲಿಲ್ಲ ಅಷ್ಟೇ.

ಗಿರಣಿ ಕಾಕಾ, ಒಂದು ಕೇಳಬೇಕು. ಮಾರುವವರಿಗೆ 27,000 ಕಡಿಮೆಯಾ? ಒಂದೂಮುಕ್ಕಾಲು ಗ್ರಾಂ ಕೂಡ ಇಲ್ಲ ಚಿನ್ನ. ಸುಮ್ನೆ ವಾಪಸ್ ತೆಗೆದುಕೊಂಡು ಅವರಿಗೆ ಏನು ಬಂತು?

ಹತ್ತಿ ಗಿರಣಿ, ರಾಯಚೂರು

ಏನೂ ಬರುವುದಿಲ್ಲ, ತಮ್ಮಾ. ನಾನೇ ಆ ಜಾಗದಲ್ಲಿ ನಿಂತವನು.

ನಮ್ಮ ತಂದೆ ಬಿಟ್ಟುಹೋದ ಒಂದು ತಗಡಿನ ಡಬ್ಬಿಯಲ್ಲಿ ಚಾರ್‌ಮಿನಾರ್ ಚಿತ್ರವಿರುವ ರೂಪಾಯಿ ನಾಣ್ಯಗಳು ಇದ್ದವು. ರಾಯಚೂರು, ಕೊಪ್ಪಳ ಆಗ ನಿಜಾಮರ ಸಂಸ್ಥಾನದಲ್ಲಿದ್ದವು, ಬಳ್ಳಾರಿ ಮದ್ರಾಸಿಗೆ ಸೇರಿತ್ತು. ತುಂಗಭದ್ರೆ ದಾಟಿದರೆ ದುಡ್ಡೇ ಬೇರೆ. ಇಲ್ಲಿ ನಿಜಾಮರ ಹಾಲಿ ಸಿಕ್ಕಾ, ಅಲ್ಲಿ ಬ್ರಿಟಿಷರ ಕಲ್ದಾರ್. ಹಾಲಿ ಏಳು ಕೊಟ್ಟರೆ ಕಲ್ದಾರ್ ಆರು. ನಮ್ಮ ತಂದೆ ಈ ಲೆಕ್ಕವನ್ನು ಬೆರಳ ತುದಿಯಲ್ಲಿ ಮಾಡುತ್ತಿದ್ದರು. ಆ ಡಬ್ಬಿಯಲ್ಲಿ ಹನ್ನೆರಡು ರೂಪಾಯಿ ನಾಣ್ಯ ನಿಜಾಮ ಮೆಹಬೂಬ್ ಅಲಿ ಖಾನರ ಕಾಲದವು. ಚಾರ್‌ಮಿನಾರಿನ ಬಾಗಿಲಲ್ಲಿ ಉರ್ದುವಿನ ಮೀಮ್ ಅಕ್ಷರ ಇರುತ್ತದೆ. ಅವರ ಮಗ ಉಸ್ಮಾನ್ ಅಲಿ ಖಾನರ ನಾಣ್ಯದಲ್ಲಿ ಅದೇ ಜಾಗದಲ್ಲಿ ಐನ್. ಚಿಕ್ಕವನಿದ್ದಾಗ ಆ ಬಾಗಿಲಿನ ಅಕ್ಷರ ಹುಡುಕುವುದೇ ನನ್ನ ಆಟ.

ಮಗಳ ಮದುವೆ ಹೊತ್ತಿಗೆ ಆ ಹನ್ನೆರಡನ್ನು ಒಂದೇ ಲಾಟ್ ಮಾಡಿ ಹರಾಜಿಗೆ ಕೊಟ್ಟೆ. ಅವರು "20,000 ರಿಸರ್ವ್ ಇಡಿ, ಸಾಕು" ಅಂದರು. ನಾನು ಕೇಳಲಿಲ್ಲ. ನಮ್ಮಪ್ಪನ ನಾಣ್ಯ, 30,000ಕ್ಕೆ ಒಂದು ರೂಪಾಯಿ ಕಡಿಮೆ ಆಗಬಾರದು ಅಂತ ಹಟ ಹಿಡಿದೆ. ಸವಾಲು 24,000ದವರೆಗೆ ಬಂತು. ಅಲ್ಲಿಗೇ ನಿಂತಿತು. ನಾಣ್ಯ ವಾಪಸ್ ಬಂತು. ಮಾರಾಟವಾಗದ್ದಕ್ಕೆ ಶುಲ್ಕ ಕಟ್ಟಿದೆ, ಕೊರಿಯರ್ ಖರ್ಚೂ ನನ್ನದೇ. ಮರುವರ್ಷ ರಿಸರ್ವ್ ಇಳಿಸಿ ಮತ್ತೆ ಕೊಟ್ಟೆ. 19,000ಕ್ಕೆ ಹೋಯಿತು. ಒಮ್ಮೆ ಮಾರಾಟವಾಗದೆ ಉಳಿದ ಲಾಟನ್ನು ಜನ ಮರೆಯುವುದಿಲ್ಲ. ಏನೋ ದೋಷ ಇರಬೇಕು ಅಂತ ಅಂದುಕೊಳ್ಳುತ್ತಾರೆ. ಮೊದಲ ಸಲವೇ 20,000 ಇಟ್ಟಿದ್ದರೆ ಆ 24,000 ನನ್ನ ಕೈ ಸೇರುತ್ತಿತ್ತು. ಇದನ್ನು ಇವತ್ತಿಗೂ ನೆನೆಸಿಕೊಳ್ಳುತ್ತೇನೆ.

ನಿಮ್ಮ ಹರಿಹರನ ನಾಣ್ಯದ ಮಾಲೀಕರೂ ಈಗ ಹಾಗೇ ಕೂತಿರಬಹುದು. ಅದಕ್ಕೇ ಹೇಳುತ್ತೇನೆ, ಆ ಫೋನಿಗೆ ಸಿಟ್ಟಿನಿಂದ ಉತ್ತರ ಕೊಡಬೇಡಿ. ಅವರು ಕೇಳಿದ ಅಂಕಿಗೆ ಹೂಂ ಅನ್ನಬೇಡಿ, ಇಲ್ಲ ಅಂತ ಮುರಿದೂ ಹಾಕಬೇಡಿ. "ಕಮಿಷನ್, ತೆರಿಗೆ ಎಲ್ಲ ಸೇರಿ ನಾನು ಇಷ್ಟು ಕೊಡಬಲ್ಲೆ. ಮಾಲೀಕರು ಒಪ್ಪಿದರೆ ತಿಳಿಸಿ" ಅಂತ ನಿಮ್ಮ ಅಂಕಿ ಹೇಳಿ. ಒಂದೇ ಸಲ ಹೇಳಿ. ಆಮೇಲೆ ಏರಿಸಬೇಡಿ. ಹರಾಜಿನ ಮರುದಿನಗಳಲ್ಲಿ ಇಂಥ ವ್ಯಾಪಾರ ಎಷ್ಟೋ ಆಗುತ್ತದೆ.

ಹಾಟ್ ಬಿಸಿಲು, ಬಳ್ಳಾರಿ

ನಾನು ಹಳೇ ಕ್ಯಾಮೆರಾ ಕೂಡಿಸುತ್ತೇನೆ. ಇಬೇ ಅನ್ನುವ ಆನ್‌ಲೈನ್ ಹರಾಜು ತಾಣದಲ್ಲಿ ನೋಡುತ್ತಿರುತ್ತೇನೆ. ಅಲ್ಲಿ ಇದು ಇನ್ನೂ ಸ್ಪಷ್ಟ. ರಿಸರ್ವ್ ಎಷ್ಟು ಅಂತ ತೋರಿಸುವುದಿಲ್ಲ, ಆದರೆ "ರಿಸರ್ವ್ ಇನ್ನೂ ಮುಟ್ಟಿಲ್ಲ" ಅಂತ ಬರೆದಿರುತ್ತದೆ. 10 ಡಾಲರ್‌ಗೆ ಶುರುವಾದ ಕ್ಯಾಮೆರಾಕ್ಕೆ 50 ರಿಸರ್ವ್ ಇದೆ ಅಂದುಕೊಳ್ಳಿ. ನಾನು ಗರಿಷ್ಠ 80 ಹಾಕಿದರೆ ಬೆಲೆ ನೇರವಾಗಿ 50ಕ್ಕೆ ಜಿಗಿಯುತ್ತದೆ. ಮೊದಲ ಸಲ ಹೀಗಾದಾಗ ಯಾರೋ ನನ್ನ ಎದುರು ಬಿಡ್ ಮಾಡಿದರು ಅಂತ ಹೆದರಿದ್ದೆ. ಯಾರೂ ಇರಲಿಲ್ಲ.

ಸಿಂಧನೂರು ಭತ್ತ

ಲಾಯರ್ ಸರ್ ಹೇಳಿದ ಮೇಲೆ ನನ್ನ ಹಳೇ ಮೇಲ್ ತೆಗೆದು ನಿಯಮ ಹುಡುಕಿದೆ. ಮಾರುವವರ ಪರವಾಗಿ ಸವಾಲು ಹಾಕುತ್ತೇವೆ ಅನ್ನುವ ಮಾತು ಎಲ್ಲೂ ಇಲ್ಲ. ನಾನು ಆ ಆಲ್ಬಮ್ ಕೊಂಡಿದ್ದೇನೆ ಸರ್, ಬಿಲ್ ಕೂಡ ಇದೆ. ನಿಮಗೆ ಬೇರೆಯಾಗಿ ಬರೆಯುತ್ತೇನೆ.

ಆನೆಗೊಂದಿ ದಾರಿ, ಗಂಗಾವತಿ

ನಾಲ್ಕು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಏನಾಯಿತು ಅಂತ ಹೇಳದೆ ಇರುವುದು ಸರಿಯಲ್ಲ.

ಕಾಕಾ ಹೇಳಿದ ಹಾಗೆ ಎಲ್ಲ ಸೇರಿ 27,000 ಅಂತ ಹೇಳಿದೆ. ಎರಡು ದಿನ ಬಿಟ್ಟು ಮಾಲೀಕರು ಒಪ್ಪಲಿಲ್ಲ ಅಂದರು. ಅವರ ಮೇಲೆ ನನಗೆ ಬೇಸರ ಇಲ್ಲ.

ಮೊನ್ನೆ ಅದೇ ನಾಣ್ಯ ಮತ್ತೆ ಹರಾಜಿಗೆ ಬಂತು. ಉಮೆಯ ತಲೆಯ ಹತ್ತಿರದ ಸಣ್ಣ ಗೀರಿನಿಂದ ಗುರುತು ಹಿಡಿದೆ. ಈ ಸಲ ಅಂದಾಜು 25,000ದಿಂದ 28,000, ಆರಂಭ 20,000. ರಿಸರ್ವ್ ಇಳಿಸಿದ್ದಾರೆ ಅಂತ ಅಲ್ಲೇ ಗೊತ್ತಾಯಿತು. ಅಷ್ಟರಲ್ಲಿ ನನ್ನ ಹತ್ತಿರ 33,000 ಆಗಿತ್ತು. ಲೆಕ್ಕ ಹಾಕಿದೆ. 27,000ಕ್ಕೆ ಕಮಿಷನ್ ಸೇರಿ 31,050, ಮೇಲೆ ತೆರಿಗೆ, ಕೊರಿಯರ್. 28,000ಕ್ಕೆ ಹೋದರೆ ದಾಟುತ್ತದೆ. ಚೀಟಿಯಲ್ಲಿ 27,000 ಅಂತ ಬರೆದು ಮೇಜಿನ ಗಾಜಿನ ಕೆಳಗೆ ಇಟ್ಟೆ.

ಆರಂಭ ಕಡಿಮೆ ಇದ್ದುದಕ್ಕೋ ಏನೋ, ಈ ಸಲ ಜನ ಬಂದರು. ಅಂದಾಜಿನ ಕೆಳಗಿನ ಅಂಕಿಯಾದ 25,000 ದಾಟಿದ ಮೇಲೂ ಏರಿತು. ಆಗ ಎದುರಿಗೆ ಇದ್ದವರು ನಿಜವಾದ ಕೊಳ್ಳುವವರೇ ಅಂತ ಖಾತ್ರಿಯಾಯಿತು. ನಾನು 27ಕ್ಕೆ ನಿಂತೆ. ಇನ್ನಿಬ್ಬರು ಮುಂದೆ ಹೋದರು. 31,000ಕ್ಕೆ ಸುತ್ತಿಗೆ ಬಿತ್ತು.

ಹೋದ ಭಾನುವಾರ ಮಗಳನ್ನು ಕರೆದುಕೊಂಡು ಕಮಲಾಪುರದ ಮ್ಯೂಸಿಯಂಗೆ ಹೋಗಿದ್ದೆ. ಗಾಜಿನ ಒಳಗಿನ ವಿಜಯನಗರದ ನಾಣ್ಯಗಳನ್ನು ತೋರಿಸಿದೆ. "ನಮ್ಮದು ಯಾವುದು ಅಪ್ಪಾ?" ಅಂತ ಕೇಳಿದಳು. ಇಷ್ಟು ದಿನ ಮನೆಯಲ್ಲಿ ನಾನು ಹಾಗೇ ಹೇಳುತ್ತಿದ್ದೆ.

ಆ 31,000ಕ್ಕೆ ಕೊಂಡವರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಎರಡೂ ಕಡೆಯ ಫೋಟೋ ಇಲ್ಲಿ ಹಾಕಿ. ಬೆಳಕನ್ನು ಸ್ವಲ್ಪ ಎಡಗಡೆಯಿಂದ ಬಿಡಿ, ಹರಿಹರ ಅನ್ನುವ ಅಕ್ಷರ ಕ್ಯಾಟಲಾಗಿನಲ್ಲಿ ಸರಿಯಾಗಿ ಕಾಣುತ್ತಿರಲಿಲ್ಲ.